ಘಾಟಿ ಇಳಿಯುವ ಕಾರಿಗೆ ಯಾವ ಡಿಸ್ಕ್, ಯಾವ ಪ್ಯಾಡ್?

ಮುಳ್ಳಯ್ಯನಗಿರಿಯಿಂದ ಇಳಿದು ಕೈಮರಕ್ಕೆ ಬರುವಷ್ಟರಲ್ಲಿ ಚಕ್ರದ ಹತ್ತಿರ ಸುಟ್ಟ ವಾಸನೆ. ಚಿಕ್ಕಮಗಳೂರಿನಲ್ಲಿ ಕಾರು ಇಟ್ಟವರಿಗೆ ಇದು ಹೊಸದೇನಲ್ಲ. ಗ್ಯಾರೇಜಿಗೆ ಹೋದರೆ ‘ಡಿಸ್ಕು, ಪ್ಯಾಡು ಎರಡೂ ಹಾಕ್ಸಿಬಿಡಿ ಸಾರ್’ ಎಂಬ ಮಾತು. ಡಿಸ್ಕ್ ಎಂದರೆ ಚಕ್ರದ ಜೊತೆ ತಿರುಗುವ ಬ್ರೇಕಿನ ಬಿಲ್ಲೆ, ಪ್ಯಾಡ್ ಎಂದರೆ ಅದನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ತುಂಡು. ಸ್ವಲ್ಪ ತಡೆಯಿರಿ. ನ್ಯೂಟ್ರಲ್‌ನಲ್ಲಿ ಇಳಿದರೆ ಬ್ರೇಕ್ ಮೇಲೇ ಭಾರ ಬಿದ್ದು, ಡಿಸ್ಕ್, ಪ್ಯಾಡ್ ಚೆನ್ನಾಗಿದ್ದರೂ ಇದೇ ವಾಸನೆ ಬರುತ್ತದೆ. ಮೊದಲು ಅಳೆಸಿ ನೋಡಿ.

ಚಕ್ರ ಬಿಚ್ಚಿಸಿ. ಪ್ಯಾಡಿನ ಕಬ್ಬಿಣದ ತಗಡು ಬಿಟ್ಟು, ಉಜ್ಜುವ ಭಾಗ ಮಾತ್ರ 3 ಮಿ.ಮೀ.ಗೆ ಇಳಿದಿದ್ದರೆ ಬದಲಿಸುವ ಹೊತ್ತಾಯಿತು. ಒಳಗಿನ ಪ್ಯಾಡನ್ನೂ ನೋಡಿ. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನ ಪಿನ್ ಬಿಗಿದಿದ್ದರೆ ಹೊರಗಿನದು ದಪ್ಪಗೇ ಇರುತ್ತದೆ, ಒಳಗಿನದು ಸವೆದು ಹೋಗಿರುತ್ತದೆ.

ಡಿಸ್ಕ್ ಎಷ್ಟು ಸವೆಯಬಹುದು ಎಂಬುದನ್ನು ಸಾಮಾನ್ಯವಾಗಿ ಅದರ ಮೇಲೆಯೇ ಕೊರೆದಿರುತ್ತಾರೆ. ‘ಮಿನ್’ ಎಂದು ಶುರುವಾಗುವ ಅಂಕಿ ಹುಡುಕಿ. ಮೈಕ್ರೋಮೀಟರ್‌ನಲ್ಲಿ ನಾಲ್ಕೈದು ಕಡೆ ಅಳೆಸಿ. ಸವೆದ ಡಿಸ್ಕಿನ ಅಂಚು ಏಣಿನಂತೆ ಎದ್ದು ನಿಂತಿರುತ್ತದೆ. ಅದರ ಮೇಲೆ ವರ್ನಿಯರ್ ಇಟ್ಟರೆ ಸುಳ್ಳು ಲೆಕ್ಕ ಸಿಗುತ್ತದೆ. ಅಳತೆ ಮಿನ್‌ಗಿಂತ ಜಾಸ್ತಿ ಇದೆಯಾ, ಬಿರುಕು, ಆಳದ ಗೀರು ಇಲ್ಲವಾ? ಹಾಗಾದರೆ ಪ್ಯಾಡ್ ಮಾತ್ರ ಸಾಕು. ರಾತ್ರಿ ಮಳೆಗೆ ಡಿಸ್ಕ್ ಮೇಲೆ ಬರುವ ತೆಳು ತುಕ್ಕು ಬೆಳಿಗ್ಗೆ ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ಅದಕ್ಕೆ ಹೆದರಿ ದುಡ್ಡು ಸುರಿಯಬೇಡಿ.

ಬದಲಿಸಲೇಬೇಕು ಎಂದರೆ ಕಾರಿನ ಹೆಸರು ಹೇಳಿದರೆ ಸಾಲದು. ಅದೇ ಮಾಡೆಲ್‌ನಲ್ಲೂ ವರ್ಷಕ್ಕೊಂದು ಅಳತೆ ಇರಬಹುದು. ಆರ್‌ಸಿಯಲ್ಲಿರುವ ಚಾಸಿ ನಂಬರ್ ಕೊಟ್ಟು ಕೇಳಿ. ಕಂಪನಿಯ ಅಳತೆಯ ಸಾದಾ ಡಿಸ್ಕೇ ಇರಲಿ. ತೂತು ಕೊರೆದ ಡಿಸ್ಕ್ ನೋಡಲು ಚೆಂದ, ಆದರೆ ಬಿಸಿಗೆ ತೂತಿನ ಸುತ್ತ ಬಿರುಕು ಬಿಡಬಹುದು. ಆಫೀಸಿಗೆ ಹೋಗಿಬರುವ ಕಾರಿಗೆ ಅದು ಸುಮ್ನೆ ಶೋಕಿ.

ಪ್ಯಾಡಿನ ಆಯ್ಕೆಗೆ ನಿಮ್ಮ ದಾರಿ ನೆನೆಸಿಕೊಳ್ಳಿ. ಆರ್ಗ್ಯಾನಿಕ್ ಪ್ಯಾಡ್ ಮೆತ್ತಗೆ, ಸದ್ದಿಲ್ಲದೆ ಹಿಡಿಯುತ್ತದೆ. ಕಾದರೆ ಹಿಡಿತ ಬಿಡುತ್ತದೆ. ಸೆರಾಮಿಕ್‌ಗೆ ಧೂಳು ಕಡಿಮೆ, ರೇಟು ಜಾಸ್ತಿ. ಸೆಮಿ ಮೆಟಾಲಿಕ್ ಬಿಸಿ ತಡೆಯುತ್ತದೆ, ಆದರೆ ಕಿರುಗುಟ್ಟಬಹುದು, ಚಕ್ರಕ್ಕೆ ಕಪ್ಪು ಧೂಳು ಹಿಡಿಸುತ್ತದೆ. ವಾರವಾರ ಚಾರ್ಮಾಡಿ ಇಳಿಯುವವರಾದರೆ ನನ್ನ ಓಟು ಸೆಮಿ ಮೆಟಾಲಿಕ್‌ಗೆ. ಪೇಟೆಯಲ್ಲೇ ಓಡಾಟ ಅಂದರೆ ಕಂಪನಿ ಪ್ಯಾಡ್ ಧಾರಾಳ ಸಾಕು. ಎಡ ಬಲ ಎರಡೂ ಚಕ್ರಕ್ಕೆ ಒಟ್ಟಿಗೇ ಹಾಕಿಸಿ. ಹೊಸ ಡಿಸ್ಕಿಗೆ ಹಳೆ ಪ್ಯಾಡ್ ಬೇಡವೇ ಬೇಡ.

ಹಾಕಿಸುವಾಗ ಪಕ್ಕದಲ್ಲೇ ನಿಲ್ಲಿ. ಡಿಸ್ಕ್ ಕೂರುವ ಹಬ್‌ನ ತುಕ್ಕು ಉಜ್ಜಿ ತೆಗೆಯಬೇಕು, ಹೊಸ ಡಿಸ್ಕಿನ ಎಣ್ಣೆಪಸೆಯನ್ನು ಬ್ರೇಕ್ ಕ್ಲೀನರ್‌ನಲ್ಲಿ ತೊಳೆಯಬೇಕು. ಬ್ರೇಕ್ ಆಯಿಲ್‌ಗೆ ಎರಡು ವರ್ಷ ಆಗಿದ್ದರೆ ಅದನ್ನೂ ಬದಲಿಸಿ. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ 230 ಡಿಗ್ರಿವರೆಗೂ ಕುದಿಯುವುದಿಲ್ಲ. ತೇವ ಸೇರಿದ್ದು 155ರ ಆಸುಪಾಸಿನಲ್ಲೇ ಕುದಿಯಬಹುದು. ಘಾಟಿಯಲ್ಲಿ ಪೆಡಲ್ ದಬಕ್ಕನೆ ಕೆಳಗಿಳಿಯುವುದು ಆಗಲೇ.

ಗಾಡಿ ತೆಗೆಯುವ ಮೊದಲು ಪೆಡಲ್ ಗಟ್ಟಿಯಾಗುವ ತನಕ ಒತ್ತಿ. ಆಮೇಲೆ ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು, ಖಾಲಿ ರಸ್ತೆಯಲ್ಲಿ ಬ್ರೇಕ್ ಒತ್ತಿ 50ರಿಂದ 10 ಕಿ.ಮೀ. ವೇಗಕ್ಕೆ ಹದವಾಗಿ ಇಳಿಸಿ. ನಡುನಡುವೆ ಆರಲು ಬಿಟ್ಟು ಎಂಟು ಹತ್ತು ಸಲ ಹೀಗೆ ಮಾಡಿ. ಪ್ಯಾಡಿನ ಡಬ್ಬಿಯ ಮೇಲೆ ಬೇರೆ ಕ್ರಮ ಬರೆದಿದ್ದರೆ ಅದೇ ಸರಿ. ಡಿಸ್ಕ್ ಕಾದಿರುವಾಗ ಪೂರ್ತಿ ನಿಲ್ಲಿಸಿ ಪೆಡಲ್ ಒತ್ತಿ ಹಿಡಿಯಬೇಡಿ. ಮೊದಲ ಒಂದೆರಡು ವಾರ ಗಿರಿ ಕಡೆಗೆ ಹೋಗದಿದ್ದರೆ ಒಳ್ಳೆಯದು.