ಡೋಲು ಕಾಯಿಸಲು ಜಾಗ ಎಲ್ಲಿ?

ಕೊರಗರ ಕಸುಬು, ಕಲೆ ತೋರಿಸುವ ಸಣ್ಣ ಮ್ಯೂಸಿಯಂ ಒಂದಕ್ಕೆ ಪ್ಲಾನ್ ಮಾಡುವ ಕೆಲಸ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನನಗೆ ಸಿಕ್ಕಿತ್ತು. ಕೇರಳದ 5 ಆದಿಮ ಬುಡಕಟ್ಟುಗಳಲ್ಲಿ ಕೊರಗರೂ ಸೇರಿದ್ದಾರೆ. ನನ್ನ ಮೊದಲ ಡ್ರಾಯಿಂಗ್ ನೆನೆದರೆ ಈಗಲೂ ನಾಚಿಕೆ. ಕೊಪ್ಪದ, ಅಂದರೆ ಸೊಪ್ಪಿನ ಗುಡಿಸಲಿನ, ಆಕಾರದ ಕಾಂಕ್ರೀಟ್ ಮಾಡು, ಬಾಗಿಲಲ್ಲಿ ಸೊಪ್ಪು ಉಟ್ಟ ಹೆಂಗಸಿನ ಗೊಂಬೆ!

ಕೊರಗರ ಕಾಲೊನಿಗೆ ಹೋಗಿ ತೋರಿಸಿದೆ. ಯಾರೂ ಬೈಯಲಿಲ್ಲ. ಬುಟ್ಟಿ ಹೆಣೆಯುತ್ತಿದ್ದ ಅಜ್ಜಿ ಮಾತ್ರ ತುಳುವಿನಲ್ಲಿ ಕೇಳಿದರು, ಶಾಲೆಯ ಮಕ್ಕಳ ಜೊತೆ ಬಂದಾಗ ನನ್ನ ಮೊಮ್ಮಗಳು ಈ ಗೊಂಬೆಯ ಮುಂದೆ ನಿಲ್ಲಬೇಕಾ ಅಂತ. ಗೊಂಬೆ ಅಂದೇ ಹೋಯಿತು, ಕೊಪ್ಪವೂ ಹೋಯಿತು. ಗಡಿಯಾಚೆ ಕರ್ನಾಟಕದಲ್ಲಿ, ಕೊರಗರನ್ನು ಕೀಳಾಗಿ ಕಂಡು ಅವಮಾನಿಸುತ್ತಿದ್ದ ಅಜಲು ಪದ್ಧತಿಯನ್ನು ಕಾನೂನು ತಂದು ನಿಷೇಧಿಸಿದ್ದೇ 2000ದಲ್ಲಿ ಅಲ್ವಾ? ನೋವು ಇನ್ನೂ ಹಸಿಯಾಗಿದೆ.

ಆಮೇಲೆ ಒಂದು ವಾರ ಗೆರೆ ಎಳೆಯದೆ ಸುಮ್ನೆ ಕೂತು ನೋಡಿದೆ. ಕಾಡಿನ ಬಳ್ಳಿಯ ಸಿಪ್ಪೆ ತೆಗೆದು, ಸೀಳಿ, ನೀರಲ್ಲಿ ನೆನೆಸುತ್ತಾರೆ. ಒಣಗಿದರೆ ಲಟ್ ಅಂತ ಮುರಿಯುತ್ತದೆ. ಹೆಣೆಯುವಾಗ ಅಜ್ಜಿ ನೆಲದಲ್ಲಿ ಕಾಲು ಚಾಚಿ, ಬುಟ್ಟಿಯ ತಳವನ್ನು ಪಾದದಿಂದ ಒತ್ತಿ ಹಿಡಿಯುತ್ತಿದ್ದರು. ಹಾಗಾಗಿ ಬೆಂಚು ಬೇಡ, ಜಾರುವ ಟೈಲ್ಸೂ ಬೇಡ. ಕಟ್ಟಡದ ನಡುವೆ ಅಂಗಳ ಬಿಟ್ಟು, ಬಳ್ಳಿ ನೆನೆಸಲು ತೊಟ್ಟಿ ಇಟ್ಟೆ.

ಡೋಲಿನವರ ತಕರಾರು ಬೇರೆ. ಮಳೆಗಾಲದಲ್ಲಿ ಚರ್ಮ ಸಡಿಲವಾಗುತ್ತದೆ, ಬೆಂಕಿಗೆ ಹಿಡಿಯದಿದ್ದರೆ ಸದ್ದೇ ಏಳುವುದಿಲ್ಲ. ನನ್ನ ಪ್ಲಾನಿನಲ್ಲಿ ಮೈಕು, ಸ್ಟೇಜು, ಎಲ್ಲಾ ಇತ್ತು. ಬೆಂಕಿಗೆ ಜಾಗ ಇರಲಿಲ್ಲ. ಒಪ್ಪಿಗೆ ಕೊಡುವವರು 'ಮ್ಯೂಸಿಯಂನಲ್ಲಿ ಬೆಂಕಿಯಾ?' ಅಂತ ಫೈಲ್ ವಾಪಸ್ ಕಳಿಸಿದರು. ಕೊನೆಗೆ ಕಟ್ಟಡದಿಂದ 6 ಮೀಟರ್ ದೂರದಲ್ಲಿ ಮುರಕಲ್ಲು (ಇಲ್ಲಿನ ಕೆಂಪು ಕಲ್ಲು) ಕಟ್ಟಿದ ಗುಂಡಿ ಮಾಡಿ ಒಪ್ಪಿಸಿದೆ.

ಗೋಡೆಯೂ ಮುರಕಲ್ಲಿನದೇ, ಸಾರಣೆ ಇಲ್ಲ. ಇಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಇರಚಲು ಹೊಡೆಯದಂತೆ ಮಾಡನ್ನು 1.2 ಮೀಟರ್ ಹೊರಚಾಚಿದೆ. ಆದರೂ ಒಂದು ತಪ್ಪು ಮಾಡಿದೆ. ಬುಟ್ಟಿಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿದ್ದೆ. ಮೊದಲ ಆಟಿ ತಿಂಗಳ ಮಳೆಯಲ್ಲೇ ಬೂಸ್ಟು! ಈಗ ಗಾಜಿಲ್ಲ, ಗಾಳಿಯಾಡುವ ಜಾಲಿ ಗೋಡೆಗೆ ಕೊಕ್ಕೆ ಹಾಕಿದ್ದೇವೆ. ಬುಟ್ಟಿ ಹಳತಾದರೆ ಕಾಲೊನಿಯವರಿಂದ ದುಡ್ಡು ಕೊಟ್ಟು ಹೊಸದು ತರುತ್ತಾರೆ.

ಭೋಪಾಲದ ಮಾನವ ಸಂಗ್ರಹಾಲಯದಲ್ಲಿ ಬುಡಕಟ್ಟಿನವರೇ ಬಂದು ಕಟ್ಟಿದ ಮನೆಗಳಿವೆ. ಕಾಲೇಜಿನಲ್ಲಿದ್ದಾಗ ಹೋಗಿದ್ದೆ, ಫೋಟೋ ಜಾಸ್ತಿ ತೆಗೆದಿದ್ದೆ, ಅಷ್ಟೆ.

ತೊಟ್ಟಿ ಸ್ವಲ್ಪ ಸೋರುತ್ತದೆ. ಬೇಸಗೆ ಬರಲಿ, ಸಿಮೆಂಟ್ ಬಳಿಸಬೇಕು.