ವಿಮಾ ಕಂಪನಿ ಮಾತಾಡುತ್ತಿದ್ದರೂ ಕೋರ್ಟಿನ ಗಡುವು ನಿಲ್ಲುವುದಿಲ್ಲ

ಅಮೆರಿಕಕ್ಕೆ ಹೊಸದಾಗಿ ಬಂದವರು ಕಾರು ಅಪಘಾತವಾದ ಮೇಲೆ ವಿಮಾ ಕಂಪನಿಗೆ ಫೋನ್ ಮಾಡಿ, ಕ್ಲೇಮ್ ನಂಬರ್ ಸಿಕ್ಕೊಡನೆ ನಿರಾಳವಾಗಿಬಿಡುತ್ತಾರೆ. ನಮಗೆ ಆತಂಕವಾಗುವುದು ಅಲ್ಲೇ. ಕ್ಲೇಮ್ ಬೇರೆ, ಕೋರ್ಟಿನಲ್ಲಿ ದಾವೆ ಹೂಡುವುದು ಬೇರೆ. ಅಡ್ಜಸ್ಟರ್ (ನಿಮ್ಮ ಕ್ಲೇಮ್ ಪರಿಶೀಲಿಸುವ ವಿಮಾ ಕಂಪನಿಯ ಪ್ರತಿನಿಧಿ) ಎಷ್ಟೇ ಸೌಜನ್ಯದಿಂದ ಮಾತಾಡಲಿ, ಆ ಮಾತುಕತೆಯಿಂದ ದಾವೆಯ ಕಾಲಮಿತಿ ತಾನಾಗಿ ಮುಂದಕ್ಕೆ ಹೋಗುವುದಿಲ್ಲ. ಗಡುವು ಮುಗಿದ ಮರುದಿನ ದಾವೆ ಹೂಡಿದರೆ, ತಪ್ಪು ಪೂರ್ತಿ ಎದುರಿನವರದೇ ಆಗಿದ್ದರೂ ಕೋರ್ಟು ಅದನ್ನು ವಜಾ ಮಾಡಬಹುದು. ಆಮೇಲೆ ವಿಮಾ ಕಂಪನಿಗೂ ಹಣ ಕೊಡುವ ಒತ್ತಡವಿರುವುದಿಲ್ಲ.

ಇಡೀ ದೇಶಕ್ಕೆ ಒಂದೇ ಗಡುವು ಅಂತ ಇಲ್ಲ, ರಾಜ್ಯಕ್ಕೊಂದು ಕಾನೂನು. ಮೈಗೆ ಗಾಯವಾದರೆ ಕ್ಯಾಲಿಫೋರ್ನಿಯಾ, ಟೆಕ್ಸಾಸ್, ನ್ಯೂಜೆರ್ಸಿ, ಇಲಿನಾಯ್‌ಗಳಲ್ಲಿ ಸಾಮಾನ್ಯವಾಗಿ 2 ವರ್ಷ, ನ್ಯೂಯಾರ್ಕಿನಲ್ಲಿ 3 ವರ್ಷ, ಟೆನೆಸಿಯಲ್ಲಿ ಬರೀ 1 ವರ್ಷ. ಫ್ಲಾರಿಡಾದಲ್ಲಿ 4 ವರ್ಷವಿದ್ದದ್ದು 2023ರಲ್ಲಿ 2ಕ್ಕೆ ಇಳಿದಿದೆ, ಹಾಗಾಗಿ ಹಳಬರು ನೆನಪಿನಿಂದ ಹೇಳುವ ಲೆಕ್ಕವನ್ನು ನೆಚ್ಚಬೇಡಿ. ಆಸ್ತಿ ಹಾನಿಯ ಗಡುವು ಇನ್ನೊಂದೇ ಇರಬಹುದು: ಕ್ಯಾಲಿಫೋರ್ನಿಯಾದಲ್ಲಿ 3 ವರ್ಷ, ಇಲಿನಾಯ್‌ನಲ್ಲಿ 5, ನ್ಯೂಜೆರ್ಸಿಯಲ್ಲಿ 6. ಅಂದರೆ ಒಂದೇ ಅಪಘಾತದಲ್ಲಿ ನಿಮ್ಮ ಕಾರಿಗೆ ಒಂದು ಗಡುವು, ನಿಮ್ಮ ಬೆನ್ನುನೋವಿಗೆ ಇನ್ನೊಂದು.

ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದು ಘಟನೆ ನಡೆದ ರಾಜ್ಯದ ಕಾನೂನು. ಕೆಲಸ ಬದಲಾಯಿಸಿ ಬೇರೆ ರಾಜ್ಯಕ್ಕೆ ಹೋದ ಮಾತ್ರಕ್ಕೆ ಹೊಸ ಗಡುವು ಸಿಗುವುದಿಲ್ಲ. ಮಕ್ಕಳನ್ನು ನೋಡಲು ಬಂದ ಅಪ್ಪ ಅಮ್ಮ ಇಲ್ಲಿ ಬಿದ್ದು ಗಾಯಗೊಂಡು ಊರಿಗೆ ವಾಪಸಾದರೂ ಅಷ್ಟೇ. ಅವರು ಪ್ರವಾಸಿ ವೀಸಾದಲ್ಲಿ ಬಂದವರಾದರೂ ದಾವೆ ಹೂಡಬಹುದು, ಆದರೆ ಗಡುವಿನೊಳಗೆ ಹೂಡಬೇಕು.

ಎಲ್ಲಕ್ಕಿಂತ ಅಪಾಯದ್ದು ಸರ್ಕಾರದ ವಿರುದ್ಧದ ಪ್ರಕರಣ. ಸಿಟಿ ಬಸ್ಸು ಗುದ್ದಿತು, ಸರ್ಕಾರಿ ಶಾಲೆಯ ಮೆಟ್ಟಿಲಲ್ಲಿ ಬಿದ್ದಿರಿ ಎಂದುಕೊಳ್ಳಿ. ನೇರ ಕೋರ್ಟಿಗೆ ಹೋಗುವ ಹಾಗಿಲ್ಲ, ಮೊದಲು ಆ ಸಂಸ್ಥೆಗೇ ಲಿಖಿತ ಕ್ಲೇಮ್ ಕೊಡಬೇಕು. ಗಾಯದ ಪ್ರಕರಣಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಇದಕ್ಕಿರುವುದು 6 ತಿಂಗಳು. ನ್ಯೂಯಾರ್ಕ್, ನ್ಯೂಜೆರ್ಸಿಗಳಲ್ಲಿ ಸಾಮಾನ್ಯವಾಗಿ 90 ದಿನ. ಪ್ಲಾಸ್ಟರ್ ಬಿಚ್ಚಿ ಫಿಸಿಯೋಥೆರಪಿ ಮುಗಿಯುವಷ್ಟರಲ್ಲಿ ಅದು ಕಳೆದೇ ಹೋಗಿರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಕ್ಲೇಮ್ ತಿರಸ್ಕರಿಸಿದ ಪತ್ರ ಬಂದರೆ ಅಲ್ಲಿಂದ ದಾವೆಗೆ ಮತ್ತೆ 6 ತಿಂಗಳಷ್ಟೇ, ಆದ್ದರಿಂದ ಆ ಪತ್ರವನ್ನು ಲಕೋಟೆಸಮೇತ ಇಟ್ಟುಕೊಳ್ಳಿ.

ವಿನಾಯಿತಿಗಳೂ ಉಂಟು. ಗಾಯಗೊಂಡವರು ಮಕ್ಕಳಾದರೆ ಅನೇಕ ರಾಜ್ಯಗಳಲ್ಲಿ 18 ತುಂಬುವವರೆಗೆ ಗಡುವು ತಡೆಯಲ್ಪಡುತ್ತದೆ. ವೈದ್ಯರ ತಪ್ಪಿನಂಥ ಪ್ರಕರಣಗಳಲ್ಲಿ ಹಾನಿ ಗೊತ್ತಾದ ದಿನದಿಂದ ಎಣಿಸುವುದೂ ಇದೆ. ಆದರೆ ಇವುಗಳಿಗೂ ಮಿತಿಗಳಿವೆ, ಸರ್ಕಾರಿ ಕ್ಲೇಮಿಗೆ ಅನ್ವಯಿಸದೆಯೂ ಹೋಗಬಹುದು. ಇವನ್ನೇ ನಂಬಿ ಕೂರಬೇಡಿ.

ಆಸ್ಪತ್ರೆಯಿಂದ ಮನೆಗೆ ಬಂದ ವಾರದಲ್ಲೇ ಆ ರಾಜ್ಯದ ವಕೀಲರೊಬ್ಬರನ್ನು ಕಾಣಿ. ಗಾಯದ ಪ್ರಕರಣ ನಡೆಸುವ ಅನೇಕರು ಮೊದಲ ಭೇಟಿಗೆ ಹಣ ಕೇಳುವುದಿಲ್ಲ. ಪರಿಹಾರ ಬಂದರೆ ಮಾತ್ರ ಅದರಲ್ಲೊಂದು ಪಾಲು ತೆಗೆದುಕೊಳ್ಳುತ್ತಾರೆ. "ಗಾಯಕ್ಕೆ ಕೊನೇ ದಿನ ಯಾವುದು, ಕಾರಿಗೆ ಯಾವುದು, ಸರ್ಕಾರಕ್ಕೇನಾದರೂ ನೋಟಿಸ್ ಕೊಡಬೇಕೇ" ಎಂದು ಕೇಳಿ, ಉತ್ತರವನ್ನು ಇಮೇಲಿನಲ್ಲಿ ಬರೆಸಿಕೊಳ್ಳಿ. ಅವರು ಪ್ರಕರಣ ಒಪ್ಪಿಕೊಳ್ಳದಿದ್ದರೂ ಆ ತಾರೀಖುಗಳು ನಿಮ್ಮ ಕೈಯಲ್ಲಿರುತ್ತವೆ, ಇನ್ನೊಬ್ಬರನ್ನು ಹುಡುಕಲು ಸಮಯವೂ ಉಳಿದಿರುತ್ತದೆ.