ಬೆಂಗಳೂರಿನಲ್ಲಿ ಮನೆಯ ಚಾವಣಿ ಬದಲಿಸೋಕೆ ಯಾವ ಕಾಲ ಒಳ್ಳೆಯದು?

"ಬೇಸಿಗೆ ಬರಲಿ, ಆಮೇಲೆ ಹೆಂಚು ತೆಗೆಸೋಣ." ಬೆಂಗಳೂರಿನಲ್ಲಿ ಹಳೇ ಮನೆ ಇರುವ ಬಹಳ ಜನ ಹೀಗೇ ಅಂದುಕೊಂಡಿರುತ್ತಾರೆ. ಬೇಸಿಗೆಯಲ್ಲಿ ಮಕ್ಕಳಿಗೆ ರಜೆ, ಎಲ್ಲರೂ ಅಜ್ಜಿ ಮನೆಗೆ ಹೋಗಿರುತ್ತಾರೆ, ಅಷ್ಟರಲ್ಲಿ ಕೆಲಸ ಮುಗಿಸಿಬಿಡಬಹುದು ಅನ್ನೋ ಲೆಕ್ಕ. ಆದರೆ ನಮ್ಮ ಊರಿನ ಮಳೆ ಈ ಲೆಕ್ಕಕ್ಕೆ ಬಗ್ಗುವುದಿಲ್ಲ.

ಇಲ್ಲಿ ಮೇ ತಿಂಗಳಲ್ಲಿ ಸರಾಸರಿ 100 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ. ಹೆಚ್ಚುಕಡಿಮೆ ಜೂನ್, ಜುಲೈನಲ್ಲಿ ಬೀಳುವಷ್ಟೇ. ಅದೂ ಸೋನೆ ಮಳೆಯಲ್ಲ. ಮಧ್ಯಾಹ್ನದವರೆಗೆ ಉರಿಬಿಸಿಲು, ನಾಲ್ಕು ಗಂಟೆಗೆ ಮೋಡ, ಐದಕ್ಕೆ ಗಾಳಿ, ಗುಡುಗು, ಕೆಲವು ಸಲ ಆಲಿಕಲ್ಲು, ಬೀದಿ ತುಂಬಾ ಮುರಿದುಬಿದ್ದ ಕೊಂಬೆ. ಏಪ್ರಿಲ್ ಮಧ್ಯಕ್ಕೆ ಅಶ್ವಿನಿ ಮಳೆ, ತಿಂಗಳ ಕೊನೆಗೆ ಭರಣಿ ಮಳೆ ಅಂತ ಹಿರಿಯರು ಎಣಿಸುತ್ತಾ ಬಂದಿದ್ದು ಇದನ್ನೇ. ಕೆಲವು ವರ್ಷ ಏಪ್ರಿಲ್ ಒಣಗಿಕೊಂಡೇ ಹೋಗುತ್ತದೆ, 2024ರಲ್ಲಿ ಹಾಗೇ ಆಯಿತು. ಅದನ್ನು ನೋಡಿಕೊಂಡು ಮರುವರ್ಷ ಮೇ ತಿಂಗಳಲ್ಲಿ ಚಾವಣಿ ಬಿಚ್ಚಿದವರ ಪಾಡು ಯೋಚಿಸಿ. 2025ರ ಮೇನಲ್ಲಿ ಊರಿನ ತಗ್ಗು ಬಡಾವಣೆಗಳಲ್ಲಿ ಮನೆಯೊಳಗೇ ನೀರು ನಿಂತಿತ್ತು.

ಹಾಗಾದರೆ ಯಾವಾಗ? ಡಿಸೆಂಬರ್ ಮಧ್ಯದಿಂದ ಫೆಬ್ರವರಿ ಕೊನೆವರೆಗೆ. ಜನವರಿ, ಫೆಬ್ರವರಿ ಎರಡೂ ತಿಂಗಳು ನಮ್ಮಲ್ಲಿ ತುಂಬಾ ಒಣ. ಒಂದೊಂದು ತಿಂಗಳಿಗೆ ಸರಾಸರಿ 10 ಮಿಲಿಮೀಟರ್ ಮಳೆಯೂ ಇಲ್ಲ. ಹಗಲಲ್ಲಿ 27-30 ಡಿಗ್ರಿ ಬಿಸಿಲು, ಆಳುಗಳು ಚಾವಣಿ ಮೇಲೆ ಇಡೀ ದಿನ ಕೆಲಸ ಮಾಡಬಹುದು. ಮಾರ್ಚ್ ಮೊದಲ ಎರಡು ವಾರವನ್ನೂ ಸೇರಿಸಿಕೊಳ್ಳಬಹುದು, ಆದರೆ ಅದನ್ನು ಕೆಲಸ ಎಳೆದರೆ ಇರಲಿ ಅಂತ ಕೈಯಲ್ಲಿ ಇಟ್ಟುಕೊಳ್ಳಿ. ಮಾರ್ಚ್‌ನಲ್ಲಿ ಶುರು ಮಾಡುತ್ತೇನೆ ಅಂದರೆ ನಿಮ್ಮ ಕೆಲಸ ಏಪ್ರಿಲ್‌ಗೆ ಹೋಗಿಯೇ ಹೋಗುತ್ತದೆ.

ನವೆಂಬರ್‌ನಲ್ಲೇ ಯಾಕೆ ಬೇಡ? ಹಿಂಗಾರು ಪೂರ್ತಿ ಹೋಗಿರುವುದಿಲ್ಲ. 2021ರ ನವೆಂಬರ್ ನೆನಪಿದೆ ಅಲ್ವಾ, ದಿನಗಟ್ಟಲೆ ಬಿಡದೆ ಸುರಿಯಿತು. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದರೆ ಚೆನ್ನೈಗೆ ಹೊಡೆತ, ನಮಗೆ ಎರಡು ಮೂರು ದಿನ ಮೋಡ, ಜಿಟಿಜಿಟಿ. 2024ರ ಡಿಸೆಂಬರ್ ಮೊದಲ ವಾರ ಫೆಂಗಲ್ ಬಂದಾಗ ಆಗಿದ್ದು ಅದೇ. ಬಸವನಗುಡಿಯ ಕಡಲೆಕಾಯಿ ಪರಿಷೆ ಕಾರ್ತಿಕದ ಕೊನೆಯ ಸೋಮವಾರ ಬರುತ್ತದಲ್ಲ, ಅದು ಮುಗಿದು ಕೆಲವು ವಾರ ಕಳೆಯಲಿ. ಆಮೇಲೆ ಒಂದು ಹೆಂಚು ಮುಟ್ಟಿದರೂ ಭಯವಿಲ್ಲ.

ಕೆಲಸ ಜನವರಿಯಲ್ಲಾದರೂ ತಯಾರಿ ಶುರುವಾಗಬೇಕಾದದ್ದು ಮಳೆಗಾಲದಲ್ಲೇ. ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಸೆಪ್ಟೆಂಬರ್ ನಮ್ಮ ಊರಿಗೆ ಅತಿ ಹೆಚ್ಚು ಮಳೆ ತರುವ ತಿಂಗಳು, ಸರಾಸರಿ 200 ಮಿಲಿಮೀಟರ್ ದಾಟುತ್ತದೆ. ಜೋರು ಮಳೆ ಬರುತ್ತಿರುವಾಗಲೇ ಮನೆಯೊಳಗೆ ಓಡಾಡಿ ಎಲ್ಲೆಲ್ಲಿ ಸೋರುತ್ತದೆ ನೋಡಿ, ಫೋನಿನಲ್ಲಿ ಫೋಟೋ ತೆಗೆಯಿರಿ, ಗೋಡೆ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಜನವರಿಯಲ್ಲಿ ಮೇಸ್ತ್ರಿ ಬಂದಾಗ ಎಲ್ಲಾ ಒಣಗಿರುತ್ತದೆ, ಅವರಿಗೂ ಏನೂ ಕಾಣುವುದಿಲ್ಲ, ಆಗ ಅಂದಾಜಿನಲ್ಲಿ ಕೆಲಸ ಮಾಡುತ್ತಾರೆ. ಇನ್ನೊಂದು ಮಾತು. ಒಳಗೆ ತೊಟ್ಟಿಕ್ಕುವ ಜಾಗದ ನೇರ ಮೇಲೆಯೇ ತೂತು ಇರಬೇಕೆಂದಿಲ್ಲ. ನೀರು ತೊಲೆ ಹಿಡಿದುಕೊಂಡು ಇಳಿಜಾರಿನಲ್ಲಿ ಹರಿದು ಬಂದು ಎಲ್ಲೋ ಬೀಳುತ್ತದೆ. ಆದ್ದರಿಂದ ಗುರುತು ಹಾಕಿದ ಜಾಗದಿಂದ ಮೇಲ್ಮುಖವಾಗಿ ಹುಡುಕಲು ಹೇಳಿ.

ಅಕ್ಟೋಬರ್, ನವೆಂಬರ್‌ನಲ್ಲಿ ಮೇಸ್ತ್ರಿಯನ್ನು ಹಿಡಿಯಿರಿ. ಇಬ್ಬರು ಮೂವರನ್ನು ಕರೆಸಿ ಅಳತೆ ಮಾಡಿಸಿ, ಚದರಕ್ಕೆ (ನೂರು ಚದರ ಅಡಿಗೆ) ಎಷ್ಟು ಅಂತ ಕೇಳುವಾಗ ಹಳೇ ಸಾಮಾನು ಇಳಿಸುವುದು, ಸಾಗಿಸುವುದು ಎಲ್ಲಾ ಸೇರಿದೆಯಾ ಅಂತ ಬಿಡಿಸಿ ಬರೆಸಿಕೊಳ್ಳಿ. ಹಬ್ಬದ ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ಸಂಕ್ರಾಂತಿಗೆ, ಯುಗಾದಿಗೆ ಊರಿಗೆ ಹೋದ ಆಳುಗಳು ಹೇಳಿದ ದಿನಕ್ಕೇ ವಾಪಸ್ ಬರುತ್ತಾರೆ ಅಂತ ಇಲ್ಲ, ಉತ್ತರ ಭಾರತದ ಹುಡುಗರಿದ್ದರೆ ಹೋಳಿ ಹಬ್ಬಕ್ಕೆ ಹೋಗುತ್ತಾರೆ. ಅವರಿಗೂ ಮನೆ ಇದೆ, ಹೋಗಲೇಬೇಕು. ನಾವು ಮಾಡಬೇಕಾದದ್ದು ಒಂದೇ: ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ ಚಾವಣಿ ಬಿಚ್ಚಿಸದಿರುವುದು. ಒಂದೋ ಹಬ್ಬದೊಳಗೆ ಮುಗಿಯಬೇಕು, ಇಲ್ಲವೋ ಹಬ್ಬ ಕಳೆದು ಶುರುವಾಗಬೇಕು.

ಧನುರ್ಮಾಸದ ವಿಷಯ ಹೇಳಿಬಿಡುತ್ತೇನೆ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಬಹಳ ಮನೆಗಳಲ್ಲಿ ಗೃಹಪ್ರವೇಶ, ಗುದ್ದಲಿ ಪೂಜೆ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಹೊಸ ಕೆಲಸದ ಒತ್ತಡ ಆಗ ಸ್ವಲ್ಪ ಕಡಿಮೆ, ಒಳ್ಳೆಯ ಮೇಸ್ತ್ರಿಗಳು ಸಿಗುವ ಸಾಧ್ಯತೆ ಜಾಸ್ತಿ. ಇರುವ ಮನೆಯ ರಿಪೇರಿಗೆ ಮುಹೂರ್ತ ಬೇಕಿಲ್ಲ ಅನ್ನೋರು ಬಹಳ ಜನ. ಮನೆಯ ಹಿರಿಯರಿಗೆ ಮನಸ್ಸಿಲ್ಲದಿದ್ದರೆ ಒತ್ತಾಯ ಬೇಡ, ಸಂಕ್ರಾಂತಿ ಆದ ಮೇಲೂ ಆರು ವಾರ ಒಣ ದಿನಗಳು ಸಿಗುತ್ತವೆ.

ಈಗ ಯಾವ ಚಾವಣಿಗೆ ಏನು ಅಂತ ನೋಡೋಣ, ಎಲ್ಲದಕ್ಕೂ ಒಂದೇ ಉತ್ತರ ಇಲ್ಲ.

ಮಂಗಳೂರು ಹೆಂಚಿನ ಮನೆಗೆ ಜನವರಿ-ಫೆಬ್ರವರಿ ಬಿಟ್ಟು ಬೇರೆ ಯೋಚನೆಯೇ ಬೇಡ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಶುರು ಮಾಡಿದ ಈ ಹೆಂಚು ಸರಿಯಾಗಿ ನೋಡಿಕೊಂಡರೆ ತಲೆಮಾರುಗಟ್ಟಲೆ ಬಾಳುತ್ತದೆ. ಹಾಳಾಗುವುದು ಸಾಮಾನ್ಯವಾಗಿ ಹೆಂಚಿಗಿಂತ ಅದರ ಕೆಳಗಿನ ಮರ. ಆದ್ದರಿಂದ ಎಲ್ಲಾ ಹೆಂಚನ್ನೂ ಎಸೆದು ಹೊಸದು ತರಿಸುವ ಮುಂಚೆ ಒಂದೊಂದನ್ನೂ ಇಳಿಸಿ ತೊಳೆದು ಬೆರಳಿನಿಂದ ತಟ್ಟಿ ನೋಡಿಸಿ. ಟಣ್ ಅಂತ ಸದ್ದು ಬಂದರೆ ಗಟ್ಟಿ, ಒಡಕು ಸದ್ದು ಬಂದರೆ ಬಿರುಕು. ಮರದ ಕೆಲಸಕ್ಕೆ ಒಣ ಹವೆಯೇ ಬೇಕು. ತೊಲೆ, ಹೆಂಚು ಕೂರುವ ರೀಪರ್ ಪಟ್ಟಿ ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿರುತ್ತವೆ, ಆಗ ಕೂರಿಸಿದ್ದು ಬೇಸಿಗೆಯಲ್ಲಿ ಕುಗ್ಗಿ ಸಡಿಲವಾಗುತ್ತದೆ. ಗೆದ್ದಲಿನ ಔಷಧಿ, ಪೇಂಟು ಕೂಡ ಒಣಗಿದ ಮರಕ್ಕೇ ಸರಿಯಾಗಿ ಹಿಡಿಯುವುದು. ಇನ್ನು ಪಾಚಿ ಕಟ್ಟಿದ ಒದ್ದೆ ಹೆಂಚಿನ ಮೇಲೆ ಆಳನ್ನು ಹತ್ತಿಸುವುದು ಅವರ ಜೀವಕ್ಕೇ ಅಪಾಯ. ಈ ಒಂದು ಕಾರಣಕ್ಕೇ ನಾನು ಮಳೆಗಾಲದಲ್ಲಿ ಹೆಂಚಿನ ಕೆಲಸ ಬೇಡವೇ ಬೇಡ ಅನ್ನುತ್ತೇನೆ.

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹಳೇ ಮನೆಗಳಲ್ಲಿ ಇನ್ನೂ ಮದ್ರಾಸ್ ತಾರಸಿ ಉಳಿದಿದೆ. ಮರದ ಜಂತೆಗಳ ಮೇಲೆ ಚಿಕ್ಕ ಇಟ್ಟಿಗೆಯನ್ನು ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕಟ್ಟಿದ್ದು. ಇದಕ್ಕೆ ಡಿಸೆಂಬರ್ ಮಧ್ಯದಿಂದ ಜನವರಿ ಕೊನೆವರೆಗಿನ ದಿನಗಳೇ ನನ್ನ ಆಯ್ಕೆ. ಸುಣ್ಣ ನಿಧಾನವಾಗಿ ಗಟ್ಟಿಯಾಗುವ ವಸ್ತು. ಏಪ್ರಿಲ್ ಬಿಸಿಲಿಗೆ ಬೇಗ ಒಣಗಿ ಬಿರುಕು ಬಿಡುತ್ತದೆ, ಮಳೆ ಬಿದ್ದರೆ ತೊಳೆದೇ ಹೋಗುತ್ತದೆ, ತಂಪು ಬಿಸಿಲಿನಲ್ಲಿ ಒದ್ದೆ ಗೋಣಿಚೀಲ ಹೊದಿಸಿಟ್ಟರೆ ಚೆನ್ನಾಗಿ ಕೂರುತ್ತದೆ. ಸುಣ್ಣದ ಗಾರೆ ಗೊತ್ತಿರುವ ಕೈ ಈಗ ಕಡಿಮೆ, ಹುಡುಕೋಕೆ ಸಮಯ ಬೇಕು. ಇದನ್ನೆಲ್ಲಾ ಒಡೆದು ಮೋಲ್ಡ್, ಅಂದರೆ ಕಾಂಕ್ರೀಟ್ ಚಾವಣಿ, ಹಾಕಿಬಿಡೋಣ ಅಂತ ಯಾರಾದರೂ ಅಂದರೆ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ಗೋಡೆ ತೋರಿಸಿ. ಆ ಗೋಡೆಗಳು ಕಾಂಕ್ರೀಟ್ ಭಾರಕ್ಕೆ ಕಟ್ಟಿದ್ದಲ್ಲ.

ಮೋಲ್ಡ್ ಹಾಕುವವರಿಗೆ ಮಳೆಯಷ್ಟೇ ದೊಡ್ಡ ಪ್ರಶ್ನೆ ನೀರು. ಕಾಂಕ್ರೀಟ್ ಹಾಕಿದ ಮೇಲೆ ಸಾದಾ ಒಪಿಸಿ ಸಿಮೆಂಟ್ ಆದರೆ ಕನಿಷ್ಠ 7 ದಿನ, ಈಗ ಎಲ್ಲಾ ಕಡೆ ಸಿಗುವ, ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟ್ ಆದರೆ ಕನಿಷ್ಠ 10 ದಿನ ಕ್ಯೂರಿಂಗ್ ಆಗಬೇಕು, ಅಂದರೆ ನೀರು ಕಟ್ಟಿ ಒದ್ದೆಯಾಗಿಯೇ ಇಡಬೇಕು. 14 ದಿನ ಮಾಡಿದರೆ ಇನ್ನೂ ಒಳ್ಳೆಯದು. ಕೆಳಗಿಂದ ಕಾಂಕ್ರೀಟ್ ಹೊರುವ ಹಲಗೆ, ಕಂಬಗಳ ಸೆಂಟ್ರಿಂಗ್ ಕೂಡ ಆ 14 ದಿನ ಹಾಗೇ ಇರಲಿ, ತೊಲೆ ದೊಡ್ಡದಿದ್ದರೆ ಇನ್ನೂ ಜಾಸ್ತಿ. ಮಾರ್ಚ್ ಹೊತ್ತಿಗೆ ಬೋರ್‌ವೆಲ್ ಬತ್ತಿ, ಟ್ಯಾಂಕರ್ ರೇಟು ಏರಿದರೆ ಸ್ಲ್ಯಾಬ್ ಮೇಲೆ ನೀರು ಕಟ್ಟುವುದು ಹೇಗೆ? 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸಬಾರದು ಅಂತ ಆದೇಶ ಹೊರಡಿಸಿ 5,000 ರೂಪಾಯಿ ದಂಡ ಇಟ್ಟಿತ್ತು. ಜನವರಿಯಲ್ಲಿ ಮೋಲ್ಡ್ ಹಾಕಿದರೆ ಬಿಸಿಲು ಕಡಿಮೆ, ನೀರು ಬೇಗ ಆರುವುದಿಲ್ಲ, ಅಂತರ್ಜಲವೂ ಅಷ್ಟೊಂದು ಇಳಿದಿರುವುದಿಲ್ಲ.

ಚಾವಣಿ ಗಟ್ಟಿಯಾಗಿದೆ, ಬರೀ ವಾಟರ್‌ಪ್ರೂಫಿಂಗ್ ಸಾಕು ಅನ್ನೋರಿಗೂ ಇದೇ ಕಾಲ. ತಾರಸಿ ಮೇಲ್ಮೈ ಅಷ್ಟೇ ಅಲ್ಲ, ಒಳಗೂ ಒಣಗಿರಬೇಕು. ಮಳೆ ನಿಂತ ಮರುವಾರ ಬಳಿದ ಕೋಟಿಂಗ್ ಒಳಗೆ ತೇವ ಸಿಕ್ಕಿಹಾಕಿಕೊಂಡು ಬೇಸಿಗೆಯಲ್ಲಿ ಗುಳ್ಳೆ ಎದ್ದು ಕಿತ್ತುಬರುತ್ತದೆ. ಚಳಿಗಾಲದಲ್ಲಿ ಬೆಳಗ್ಗೆ ಇಬ್ಬನಿ ಬಿದ್ದು ತಾರಸಿ ಒದ್ದೆ ಇರುತ್ತದೆ, ಒಂಬತ್ತು ಹತ್ತು ಗಂಟೆ ಆಗಿ ಕಾಲಿಗೆ ಒಣ ಅನ್ನಿಸಿದ ಮೇಲೇ ಬ್ರಷ್ ಹಿಡಿಯಲಿ. ಎಲ್ಲಾ ಮುಗಿದು ಒಣಗಿದ ಮೇಲೆ ರೇನ್ ಪೈಪ್ ಬಾಯಿ ಮುಚ್ಚಿ, ನೀರು ಕಟ್ಟಿ, ಒಂದೆರಡು ದಿನ ಬಿಟ್ಟು ಕೆಳಗಿಂದ ನೋಡಿ.

ಶೀಟಿನ ಚಾವಣಿ ಬೇಗ ಮುಗಿಯುವ ಕೆಲಸ. ಚಿಕ್ಕ ಮನೆಯಾದರೆ ಎರಡು ಮೂರು ದಿನ. ಇದಕ್ಕೆ ಮಳೆಗಿಂತ ಗಾಳಿಯ ಭಯ ಹೆಚ್ಚು. ಏಪ್ರಿಲ್-ಮೇನ ಸಂಜೆ ಗಾಳಿಗೆ ಅರ್ಧ ಸ್ಕ್ರೂ ಹಾಕಿ ಬಿಟ್ಟ ಶೀಟು ಹಾರಿ ಪಕ್ಕದ ಮನೆಯವರ ತಲೆ ಮೇಲೆ ಬೀಳಬಹುದು. ಮುಂಗಾರಿನ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಆದ್ದರಿಂದ ಶೀಟುಗಳನ್ನು ಪೂರ್ವದ ಕಡೆಯಿಂದ ಹೊದಿಸುತ್ತಾ ಬರಲಿ, ಒಂದರ ಮೇಲೊಂದು ಕೂರುವ ಅಂಚಿನ ಬಾಯಿ ಗಾಳಿಗೆ ಎದುರಾಗುವುದಿಲ್ಲ. ತೆಗೆಯುವುದು ಹಳೇ ಕಲ್ನಾರು (ಆಸ್ಬೆಸ್ಟಾಸ್) ಶೀಟು ಆಗಿದ್ದರೆ ದಯವಿಟ್ಟು ಜೋಪಾನ. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್‌ವರೆಗೆ ಹೋಗುವ ಕಾಯಿಲೆ ಬರಬಹುದು. ಮೇಲಿಂದ ಎಸೆದು ಒಡೆಯಬಾರದು, ಕೊಯ್ಯಬಾರದು, ನೀರು ಚಿಮುಕಿಸಿ ಒದ್ದೆ ಮಾಡಿ ಇಡೀ ಶೀಟನ್ನೇ ಇಳಿಸಬೇಕು, ಆಳುಗಳಿಗೆ ಧೂಳು ತಡೆಯುವ ಒಳ್ಳೆಯ ಮಾಸ್ಕ್ ನೀವೇ ತಂದುಕೊಡಿ. ಒಣ ಹವೆಯಲ್ಲಿ ಧೂಳು ಇನ್ನೂ ಜಾಸ್ತಿ ಏಳುತ್ತದೆ ಅನ್ನೋದು ನೆನಪಿರಲಿ.

ಎಲ್ಲದರ ಜೊತೆಗೆ ಮಾಡಿಸಿಕೊಳ್ಳಬೇಕಾದ ಒಂದು ಕೆಲಸ ಮಳೆ ನೀರು ಕೊಯ್ಲಿನ ಪೈಪು. ಬೆಂಗಳೂರಿನಲ್ಲಿ 2009ರಿಂದ ದೊಡ್ಡ ನಿವೇಶನಗಳಿಗೆ ಇದು ಕಡ್ಡಾಯ. ಹೇಗೂ ಚಾವಣಿ ಬಿಚ್ಚಿರುತ್ತೀರಿ, ಸೂರಿನ ದೋಣಿ, ಪೈಪ್, ಫಿಲ್ಟರ್ ಎಲ್ಲಾ ಆಗಲೇ ಹಾಕಿಸಿದರೆ ಏಪ್ರಿಲ್‌ನ ಮೊದಲ ಮಳೆಯಿಂದಲೇ ನೆಲದಡಿಯ ಸಂಪ್‌ಗೆ ನೀರು. ಜಯನಗರದಲ್ಲಿ ಜಲಮಂಡಳಿಯ ಮಳೆ ನೀರು ಕೊಯ್ಲು ಥೀಮ್ ಪಾರ್ಕ್ ಇದೆ, ಹೋಗಿ ನೋಡಿ ಬಂದರೆ ನಿಮ್ಮ ಮನೆಗೆ ಯಾವುದು ಹೊಂದುತ್ತದೆ ಅಂತ ಗೊತ್ತಾಗುತ್ತದೆ. ತಾರಸಿ ಮೇಲಿನ ಸೋಲಾರ್ ಇಳಿಸಬೇಕಾಗಿ ಬಂದರೆ ಜನವರಿ ಚಳಿಯಲ್ಲಿ ಸ್ನಾನಕ್ಕೆ ಬಿಸಿನೀರಿನ ಬೇರೆ ಏರ್ಪಾಡು ಮೊದಲೇ ಮಾಡಿಕೊಳ್ಳಿ, ಮನೆಯಲ್ಲಿ ವಯಸ್ಸಾದವರಿದ್ದರೆ ಇದು ಸಣ್ಣ ವಿಷಯವಲ್ಲ.

ಕಾಯೋಕೆ ಆಗುವುದೇ ಇಲ್ಲ, ತೊಲೆ ಬಾಗಿದೆ, ಈಗಲೇ ತೆಗೆಯಬೇಕು ಅನ್ನುವ ಪರಿಸ್ಥಿತಿ ಬಂದರೆ ತಿಂಗಳು ನೋಡಬೇಡಿ. ಮೊದಲು ಆ ಕೋಣೆ ಖಾಲಿ ಮಾಡಿ, ಕೆಳಗಿಂದ ಆಸರೆ ಕಂಬ ಕೊಡಿಸಿ. ಮಳೆಗಾಲದಲ್ಲೇ ಮಾಡಬೇಕಾದರೆ ಸೆಪ್ಟೆಂಬರ್, ಅಕ್ಟೋಬರ್‌ಗಿಂತ ಜೂನ್ ಕೊನೆ, ಜುಲೈ ಎಷ್ಟೋ ವಾಸಿ. ಆಗ ಸೋನೆ ಜಾಸ್ತಿ, ರಾತ್ರಿಯೆಲ್ಲಾ ಜಡಿಯುವ ಮಳೆ ಕಡಿಮೆ. ಒಂದು ದಿನಕ್ಕೆ ಒಂದು ಕೋಣೆಯಷ್ಟೇ ಬಿಚ್ಚಿಸಿ. ಬೆಳಗ್ಗೆ ಬೇಗ ಶುರು ಮಾಡಿ ಮಧ್ಯಾಹ್ನ ಎರಡರೊಳಗೆ ಮುಚ್ಚಿಬಿಡಬೇಕು, ನಮ್ಮಲ್ಲಿ ಜೋರು ಮಳೆ ಹೆಚ್ಚಾಗಿ ಸಂಜೆಯದ್ದು. ದಪ್ಪ ಟಾರ್ಪಾಲ್ ಅನ್ನು ಸೂರಿನಿಂದ ಆಚೆ ಎರಡಡಿ ಇಳಿಯುವಷ್ಟು ದೊಡ್ಡದು ತನ್ನಿ, ಮಧ್ಯೆ ಬಿದಿರು ಕೊಟ್ಟು ಎತ್ತರಿಸಿ ಕಟ್ಟಿಸಿ, ಇಲ್ಲದಿದ್ದರೆ ನೀರು ತುಂಬಿ ಜೋತುಬೀಳುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿಗೆ ಹಿಂದಿನ ದಿನವೇ ಫೋನ್ ಮಾಡಿ ಕೇಳಿ, ಆಮೇಲೆ ಆಳುಗಳಿಗೆ ಬನ್ನಿ ಅನ್ನಿ.

ಹಣದ ಮಾತನ್ನು ಶುರುವಿನಲ್ಲೇ ಆಡಿಬಿಡಿ. ಜನವರಿಯಲ್ಲಿ ಮುಗಿದ ಕೆಲಸ ನಿಜವಾಗಿ ಹೇಗಾಗಿದೆ ಅಂತ ಗೊತ್ತಾಗುವುದು ಏಪ್ರಿಲ್, ಮೇ ಮಳೆಗೆ. ಅದಕ್ಕೇ ಒಟ್ಟು ಮೊತ್ತದಲ್ಲಿ ಹತ್ತರಲ್ಲಿ ಒಂದು ಭಾಗವನ್ನು ಎರಡು ಜೋರು ಮಳೆ ಆದ ಮೇಲೆ ಕೊಡುತ್ತೇನೆ ಅಂತ ಮೊದಲೇ ಒಪ್ಪಿಸಿ ಬರೆದಿಡಿ. ಕೂಲಿ ಮಾತ್ರ ವಾರವಾರ ಬಾಕಿ ಇಲ್ಲದೆ ಕೊಡಿ, ಹಿಡಿದಿಡುವುದು ಮೇಸ್ತ್ರಿಯ ಲಾಭದ ಪಾಲಿನಲ್ಲಿ ಇರಲಿ. ಮೇ ಕೊನೆಗೆ ಒಳಗೆ ಹನಿ ಬೀಳದಿದ್ದರೆ ಅದೇ ವಾರ ಕರೆದು ಲೆಕ್ಕ ಚುಕ್ತಾ ಮಾಡಿ. ಬಿದ್ದರೆ ಸೆಪ್ಟೆಂಬರ್‌ಗೆ ಮುಂಚೆ ಸರಿಮಾಡಿಸಿಕೊಳ್ಳಲು ಮೂರು ತಿಂಗಳಿವೆ.